ಕುದುರೆ ಕಂಡಿತು, ಊರು ಕಾಣಲಿಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಹಳೆಯ ಬಳ್ಳಾರಿ ಜಿಲ್ಲೆಯವರ ಬಾಯಲ್ಲಿ ಇವು ‘ಪಶ್ಚಿಮ ತಾಲ್ಲೂಕುಗಳು’. ಹಾಗೆಂದು ‘ವೆಸ್ಟರ್ನ್’ ಸಿನಿಮಾ ಎಂದೊಡನೆ ಇಲ್ಲಿಯವರಿಗೂ ನೆನಪಾಗುವುದು ಟೋಪಿ, ಕುದುರೆ, ಪಿಸ್ತೂಲೇ. ಢಿಶುಂ ಢಿಶುಂ ಚಿತ್ರದಲ್ಲಿ ಎಂಥ ರಾಜಕೀಯ ಎಂದು ನಗುವವರಿದ್ದಾರೆ.

ನಗುವ ಮುಂಚೆ 1952ರ ‘ಹೈ ನೂನ್’ ನೋಡಬೇಕು. ಸೇಡಿಗಾಗಿ ಬರುತ್ತಿರುವ ಕೊಲೆಗಾರ ಮಧ್ಯಾಹ್ನದ ರೈಲಿಗೆ ಇಳಿಯುತ್ತಾನೆ. ಊರು ಕಾಯ್ದ ಮಾರ್ಷಲ್ ನೆರವು ಕೇಳಿ ಮನೆಮನೆ ಅಲೆಯುತ್ತಾನೆ, ಚರ್ಚಿಗೂ ಹೋಗುತ್ತಾನೆ. ಒಬ್ಬೊಬ್ಬರದೂ ಒಂದೊಂದು ನೆಪ. ಊರ ಉಸಾಬರಿ ನಮಗ್ಯಾಕೆ ಎನ್ನುವ ಜನ ಎಲ್ಲ ಕಡೆಗೂ ಇರುತ್ತಾರಲ್ಲ! ಇದನ್ನು ಬರೆದ ಕಾರ್ಲ್ ಫೋರ್‌ಮನ್‌ಗೆ ಚಿತ್ರೀಕರಣದ ದಿನಗಳಲ್ಲೇ, 1951ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿಯಿಂದ ಕರೆ ಬಂತು. ಆತ ಗೆಳೆಯರ ಹೆಸರು ಹೇಳಲಿಲ್ಲ, ಬ್ರಿಟನ್ನಿಗೆ ಹೋಗಿ ನೆಲೆಸಿದ. ತೆರೆಯ ಮೇಲೆ ಬಾಗಿಲು ಹಾಕಿಕೊಂಡ ಊರು ಯಾವುದೆಂದು ಹಾಲಿವುಡ್‌ಗೆ ಬಿಡಿಸಿ ಹೇಳಬೇಕಿರಲಿಲ್ಲ. ವೆಸ್ಟರ್ನ್‌ಗಳ ಹೆಸರಾಂತ ನಟ ಜಾನ್ ವೇಯ್ನ್ ಇದನ್ನು ಕಂಡು ಕೆಂಡವಾದ. ಆತ ನಟಿಸಿದ 1959ರ ‘ರಿಯೋ ಬ್ರಾವೊ’ ‘ಹೈ ನೂನ್’ಗೆ ಉತ್ತರವಾಗಿಯೇ ಬಂತು. ಬರೀ ಢಿಶುಂ ಢಿಶುಂ ಆಗಿದ್ದರೆ ಇಷ್ಟು ಸಿಟ್ಟೇಕೆ?

ಇವೆಲ್ಲ ಬಿಳಿಯರ ಜಯಕಾರ, ಎಡಪಂಥಕ್ಕೂ ಇದಕ್ಕೂ ಎಣ್ಣೆ ಸೀಗೆಕಾಯಿ ಎನ್ನುವುದು ಇನ್ನೊಂದು ಮಾತು. ಅರ್ಧ ನಿಜ. ಮೂಲನಿವಾಸಿಗಳನ್ನು ರಾಕ್ಷಸರಂತೆ ತೋರಿಸಿದ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ 1950ರ ‘ಬ್ರೋಕನ್ ಆ್ಯರೊ’ ಅಪಾಚೆಗಳನ್ನು ಮನುಷ್ಯರಾಗಿ ಕಂಡಿತು. ಬರೆದವರು ಕಮ್ಯುನಿಸ್ಟರೆಂದು ಹಾಲಿವುಡ್ ಕೆಲಸ ಕೊಡದೆ ದೂರವಿಟ್ಟವರ ಕಪ್ಪುಪಟ್ಟಿಗೆ ಸೇರಿದ್ದ ಆಲ್ಬರ್ಟ್ ಮಾಲ್ಟ್ಸ್, ತೆರೆಯ ಮೇಲೆ ಬಂದದ್ದು ಬೇರೆಯವರ ಹೆಸರು. 1953ರ ‘ಶೇನ್’ನಲ್ಲಿ ದನಗಳ ದೊಡ್ಡ ಧಣಿ ಸಣ್ಣ ರೈತರನ್ನು ಒಕ್ಕಲೆಬ್ಬಿಸಲು ನೋಡುತ್ತಾನೆ. 1973ರ ಸಂಡೂರು ಭೂಹೋರಾಟ ಬಲ್ಲ ನಮ್ಮ ಕಡೆಯವರಿಗೆ ಈ ಜಗಳ ಹೊಸದೇ? ರಾಮನಗರದ ಬಂಡೆಗಳಲ್ಲಿ ತೆಗೆದ 1975ರ ‘ಶೋಲೆ’ ಮಾತ್ರ ವೆಸ್ಟರ್ನ್‌ನ ಕುದುರೆ, ಬಂದೂಕು ತಂದು ಧಣಿಯ ಮೇಲಿನ ಸಿಟ್ಟನ್ನು ಅಲ್ಲೇ ಬಿಟ್ಟಿತು. ಇಲ್ಲಿ ದೊಡ್ಡ ಮನೆಯ ಠಾಕೂರನೇ ಸಂತ್ರಸ್ತ.

ಸಮಾಜವನ್ನು ಪ್ರಶ್ನಿಸುವ ಚಿತ್ರ ಬೆಂಗಳೂರಿನ ಬುದ್ಧಿವಂತರ ಸೊತ್ತು, ನಮ್ಮಂಥ ಬರದ ಸೀಮೆಗಲ್ಲ ಎಂಬುದು ಮಾತ್ರ ಪೂರಾ ಸುಳ್ಳು. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ‘ಕೊಟ್ರೇಶಿ ಕನಸು’ ಮಾಡಿದರು. ಕುದುರೆಯಿಲ್ಲ, ಬಂದೂಕಿಲ್ಲ. ಏಳನೇ ತರಗತಿ ಪಾಸಾದ ದಲಿತ ಹುಡುಗ ಹೈಸ್ಕೂಲಿಗೆ ಹೋಗಬೇಕೆನ್ನುತ್ತಾನೆ, ಅಷ್ಟಕ್ಕೇ ಊರು ಅಲ್ಲಾಡುತ್ತದೆ. ಆ ಪಾತ್ರಕ್ಕೆ ವಿಜಯ್ ರಾಘವೇಂದ್ರ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ನನ್ನ ಮಟ್ಟಿಗೆ ಇದು ‘ಹೈ ನೂನ್’ಗಿಂತ ಹರಿತ. ಅಲ್ಲಿ ಊರು ಹೆದರಿ ಬಾಗಿಲು ಹಾಕುತ್ತದೆ, ಇಲ್ಲಿ ಹಾಕುವುದು ಹಠಕ್ಕೆ. ಕೊಟ್ರೇಶ ಎನ್ನುವುದು ಕೊಟ್ಟೂರೇಶ್ವರನ ಹೆಸರು. ನಮ್ಮ ಕಡೆ ಊರಿಗೆ ಹತ್ತು ಜನ ಕೊಟ್ರೇಶರು ಸಿಗುತ್ತಾರೆ, ಧಣಿಯ ಮನೆಯಲ್ಲೂ ಕೇರಿಯಲ್ಲೂ.