ಅಸ್ಥಿಮಜ್ಜೆಯ ಕಸಿ: ಹೊಂದಿಕೆಯೂ ಕಲಹವೂ

ಮೂತ್ರಪಿಂಡದ ಕಸಿಯಲ್ಲಿ ದೇಹವು ಹೊಸ ಅಂಗವನ್ನು ತಿರಸ್ಕರಿಸೀತೆಂಬ ಭಯ. ಅಸ್ಥಿಮಜ್ಜೆಯ ಕಸಿಯಲ್ಲಿ ಇದಕ್ಕೆ ವಿಪರೀತವಾದ ಭಯವೂ ಉಂಟು: ದಾನಿಯ ರಕ್ಷಕ ಕಣಗಳೇ ಆಶ್ರಯವಿತ್ತ ದೇಹವನ್ನು ಪರಕೀಯವೆಂದು ಬಗೆದು ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುತ್ತವೆ.

ತನ್ನದು ಯಾವುದು, ಅನ್ಯವಾವುದು ಎಂದು ಸಾರುವ ಎಚ್.ಎಲ್.ಎ. ಗುರುತುಗಳಲ್ಲಿ ಮೊದಲನೆಯದನ್ನು ಫ್ರಾನ್ಸಿನ ಜಾನ್ ಡೊಸ್ಸೆ 1958ರಲ್ಲಿ ಕಂಡುಹಿಡಿದರು. ಇವುಗಳ ಜೀನುಗಳು ಆರನೆಯ ವರ್ಣತಂತುವಿನಲ್ಲಿ ಗೊಂಚಲಾಗಿದ್ದು, ತಂದೆಯಿಂದೊಂದು, ತಾಯಿಯಿಂದೊಂದು ಗೊಂಚಲು ಮಗುವಿಗೆ ಬರುತ್ತದೆ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆಯ ಸಂಭವ ನಾಲ್ಕರಲ್ಲಿ ಒಂದು ಮಾತ್ರ.

ಹೊಂದಿಕೆ ದೊರೆತರೂ ಕಲಹ ತಪ್ಪೀತೆಂಬ ಭರವಸೆಯಿಲ್ಲ. ಸೋದರಿಯ ಕಣಗಳಿಗೆ ಸೋದರನ ಪುರುಷ ವರ್ಣತಂತುವಿನಿಂದಾದ ಪ್ರೋಟೀನುಗಳು ಅಪರಿಚಿತವಷ್ಟೆ! ಹಾಗೆಂದು ಈ ವೈರವನ್ನು ಸಂಪೂರ್ಣ ಅಡಗಿಸುವುದೂ ತರವಲ್ಲ. ಅಳಿದುಳಿದ ರಕ್ತಾರ್ಬುದದ ಕಣಗಳನ್ನು ಕೊಲ್ಲುವವೂ ಅವೇ. ಕಸಿಯಾದ ಮೂರು, ನಾಲ್ಕನೆಯ ದಿನಗಳಲ್ಲಿ ಸೈಕ್ಲೋಫಾಸ್ಫಮೈಡ್ ಕೊಡುವ ಪದ್ಧತಿಯಿಂದ, ಅರ್ಧವೇ ಹೊಂದುವ ತಂದೆತಾಯಿಗಳೂ ಈಗ ದಾನಿಗಳಾಗಬಲ್ಲರು.