ರಾಯಲ್ ಆಸ್ಕಟ್: ಮೊದಲ ಸಲ ಹೋಗುವವರಿಗೆ

ಇಂಗ್ಲೆಂಡಿನ ವಿಂಡ್ಸರ್ ಕೋಟೆಗೆ ಅನತಿದೂರದಲ್ಲಿ, 1711ರಲ್ಲಿ ರಾಣಿ ಆ್ಯನ್ ಸ್ಥಾಪಿಸಿದ ಆಸ್ಕಟ್ ಮೈದಾನಕ್ಕೆ, ಜೂನ್ ಮಾಸದ ಐದು ದಿನಗಳ ಕುದುರೆ ಪಂದ್ಯಗಳನ್ನು ನೋಡಲು ಪ್ರಥಮ ಬಾರಿಗೆ ಹೋಗುವವರು ಉಡುಪಿನ ನಿಯಮಗಳನ್ನು ಮುಂಚಿತವಾಗಿಯೇ ಅರಿತಿರತಕ್ಕದ್ದು. ಅಲ್ಲಿನ ರಾಯಲ್ ಎನ್‌ಕ್ಲೋಷರ್ ಎಂಬ ಆವರಣದಲ್ಲಿ ಪುರುಷರಿಗೆ ಮಾರ್ನಿಂಗ್ ಕೋಟು, ಟಾಪ್ ಹ್ಯಾಟು. ಸ್ತ್ರೀಯರಿಗೆ ಹ್ಯಾಟು, ಇಲ್ಲವೆ ಬುಡವು 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಶಿರೋಭೂಷಣ.

ಮಧ್ಯಾಹ್ನ 2 ಗಂಟೆಗೆ ರಾಜಪರಿವಾರದ ಸಾರೋಟುಗಳು ಪಂದ್ಯದ ಹಾದಿಯಲ್ಲೇ ಮೆರವಣಿಗೆಯಾಗಿ ಬರುತ್ತವೆ. ಅದು ನಯನಮನೋಹರವೇ ಸರಿ. ಆದರೆ ಅದಕ್ಕಿಂತಲೂ ಮಿಗಿಲಾದ ದರ್ಶನವೆಂದರೆ, ಪ್ರತಿಯೊಂದು ಓಟಕ್ಕೂ ಮುನ್ನ ಪರೇಡ್ ರಿಂಗಿನಲ್ಲಿ ಮೆಲ್ಲನೆ ಸುತ್ತುಹಾಕುವ ಅಶ್ವಗಳ ನಡಿಗೆಯ ಲಾಘವ, ಮೈಯ ಕಾಂತಿ, ಕಿವಿಗಳ ಎಚ್ಚರ! 1807ರಿಂದ ನಡೆದುಬಂದಿರುವ, ಸುಮಾರು 4 ಕಿಲೋಮೀಟರ್ ದೂರದ ಗೋಲ್ಡ್ ಕಪ್ ಓಟವು ಗುರುವಾರದಂದು. ಬಾಜಿ ಕಟ್ಟದಿದ್ದರೂ ಚಿಂತೆಯಿಲ್ಲ. ಆ ದಿನ ಹೋದರೆ, ಪರೇಡ್ ರಿಂಗಿನ ಅಂಚಿಗೆ ಬೇಗನೆ ಹೋಗಿ ನಿಲ್ಲಿರಿ.