ಮಹಾಬಳೇಶ್ವರಕ್ಕೂ ಮುಂಚೆ ವಾಯಿಯಲ್ಲಿ ಇಳಿಯಿರಿ

ಪುಣೆ, ಮುಂಬೈ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ಕರೆದುಕೊಂಡು ಹೋಗುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಶಿರಡಿ, ಲೋಣಾವಳ, ಮಹಾಬಳೇಶ್ವರ. ಮಹಾಬಳೇಶ್ವರಕ್ಕೆ ಹೊರಟವರು ಬೆಂಗಳೂರು ಹೆದ್ದಾರಿಯಲ್ಲಿ ಖಂಬಾಟ್ಕಿ ಘಾಟ್ ದಾಟಿ, ಸುರೂರ್ ಫಾಟಾದಲ್ಲಿ ಬಲಕ್ಕೆ ತಿರುಗಿ, ದಾರಿಬದಿಯ ದೊಡ್ಡ ದೊಡ್ಡ ಆಲದಮರಗಳನ್ನು ನೋಡುತ್ತ ಹತ್ತು-ಹನ್ನೆರಡು ಕಿಲೋಮೀಟರು ಹೋದರೆ ವಾಯಿ ಊರು ಬರುತ್ತದೆ. ಅಲ್ಲಿ ಕಾರಿನ ಕಿಟಕಿಯಿಂದಲೇ ನದಿಗೊಂದು ನಮಸ್ಕಾರ ಹಾಕಿ, ಪಸರಣಿ ಘಾಟ್ ಹತ್ತಿ, ಪಂಚಗಣಿಯಲ್ಲಿ ಸ್ಟ್ರಾಬೆರಿ ತಿಂದು ಮುಂದೆ ಹೋಗುವುದು ವಾಡಿಕೆ. ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರುವುದೂ ಮೇಲಿನ ಪಾಯಿಂಟುಗಳಲ್ಲೇ.

ಆರೇಳು ವರ್ಷದಿಂದ ಶನಿವಾರ-ಭಾನುವಾರಗಳಲ್ಲಿ ಈ ಕಡೆ ಓಡಾಡುತ್ತಿರುವ ನನಗೆ ಕಾಣುವುದು ಬೇರೆ. ಫೋಟೊ ತೆಗೆಯುವ ಹುಚ್ಚಿದ್ದವರಿಗೆ ಮೇಲಿನ ಪಾಯಿಂಟುಗಳಿಗಿಂತ ಕೆಳಗಿನ ಈ ನದಿ ಊರೇ ಹೆಚ್ಚು ಕೊಡುತ್ತದೆ. ಪುಣೆಯಿಂದ ಸುಮಾರು 90 ಕಿಲೋಮೀಟರು. ನಸುಕಿನ ನಾಲ್ಕೂವರೆಗೆ ಹೊರಟರೆ ಸೂರ್ಯ ಹುಟ್ಟುವ ಮುಂಚೆ ಘಟ್ಟದ ಮೆಟ್ಟಿಲ ಮೇಲೆ ಕೂತಿರಬಹುದು.

ಮರಾಠಿಯಲ್ಲಿ ಗುಡ್ಡ ಹತ್ತುವ ರಸ್ತೆಯೂ ಘಾಟ್, ನದಿಗೆ ಇಳಿಯುವ ಮೆಟ್ಟಿಲೂ ಘಾಟ್. ಕನ್ನಡದ 'ಘಟ್ಟ'ದ ಕಥೆಯೂ ಅದೇ ತಾನೆ. ವಾಯಿಯಲ್ಲಿ ಎರಡೂ ಉಂಟು. ಸುತ್ತ ಸಹ್ಯಾದ್ರಿಯ ಕವಲುಗಳು, ನಡುವೆ ಕಣಿವೆ, ಕಣಿವೆಯಲ್ಲಿ ಕೃಷ್ಣೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಹೊಳೆ ಮೊದಲ ಬಾರಿಗೆ ನಿಜವಾದ ಊರೊಂದರ ಮಧ್ಯೆ ಹರಿಯುವುದು ಇಲ್ಲಿ. ದಂಡೆಯುದ್ದಕ್ಕೂ ಕಪ್ಪು ಕಲ್ಲಿನ ಮೆಟ್ಟಿಲುಗಳು, ಗುಡಿಗಳು. ದಕ್ಷಿಣ ಕಾಶಿ ಎಂದು ಕರೆಯುತ್ತಾರೆ. ಮೆಟ್ಟಿಲುಗಳ ಪ್ರತಿ ಭಾಗಕ್ಕೂ ಬೇರೆ ಬೇರೆ ಹೆಸರು: ಗಂಗಾಪುರಿ, ಧರ್ಮಪುರಿ, ಬ್ರಾಹ್ಮಣಶಾಹಿ, ರಾಮಡೋಹ ಹೀಗೆ.

ಎಲ್ಲರೂ ಮೊದಲು ಹೋಗುವುದು ಗಣಪತಿ ಘಾಟಿಗೆ. ಅಲ್ಲಿ ಢೋಲ್ಯಾ ಗಣಪತಿ, ಅಂದರೆ ನಮ್ಮ ಭಾಷೆಯಲ್ಲಿ ಡೊಳ್ಳುಹೊಟ್ಟೆ ಗಣಪ. 1762ರಲ್ಲಿ ಗಣಪತರಾವ್ ಭಿಕಾಜಿ ರಾಸ್ತೆ ಕಟ್ಟಿಸಿದ ಗುಡಿ. ಗುಡಿಯ ಮುಂದೆ ನಿಂತು ಸೆಲ್ಫಿ ತೆಗೆದು ಹೊರಡುವವರೇ ಬಹಳ. ನೀವು ಹಿಂಬದಿಗೆ ಹೋಗಿ. ಹಿಂದಿನ ಗೋಡೆ ಚೌಕವಲ್ಲ, ಮೀನಿನ ಮೂತಿಯ ಹಾಗೆ ಚೂಪು. ಹೊಳೆ ಏರಿ ಬಂದಾಗ ನೀರು ಗೋಡೆಗೆ ಗುದ್ದದೆ ಎರಡಾಗಿ ಸೀಳಿ ಪಕ್ಕದಲ್ಲಿ ಹರಿದು ಹೋಗಲಿ ಎಂದು ಹಾಗೆ ಕಟ್ಟಿದ್ದಾರೆ. ಇನ್ನೂರ ಅರವತ್ತು ವರ್ಷ ಕಳೆದರೂ ಗುಡಿ ಜಾಗ ಬಿಟ್ಟು ಕದಲಿಲ್ಲ. ಒಂದೇ ಫ್ರೇಮಿನಲ್ಲಿ ಆ ಚೂಪು ಗೋಡೆ ಮತ್ತು ಎದುರಿನಿಂದ ಬರುವ ಹೊಳೆ ಎರಡೂ ಸಿಕ್ಕರೆ, ಆ ಚಿತ್ರಕ್ಕೆ ಕೆಳಗೆ ಏನೂ ಬರೆಯುವುದು ಬೇಡ.

ಹತ್ತು ಹೆಜ್ಜೆ ದೂರದ ಕಾಶಿ ವಿಶ್ವೇಶ್ವರ ಗುಡಿಯ ಅಂಗಳದಲ್ಲಿ ಎರಡು ದೀಪಮಾಲೆ ಕಂಬಗಳು, ಮಂಟಪದಲ್ಲಿ ನುಣುಪಾದ ಕಪ್ಪು ನಂದಿ. ಈ ಕಪ್ಪು ಕಲ್ಲು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಫ್ರೇಮು ತುಂಬ ಕಪ್ಪಿದ್ದರೆ ಕ್ಯಾಮೆರಾ 'ಬೆಳಕು ಸಾಲದು' ಎಂದುಕೊಂಡು ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ನಂದಿ ಬೂದಿ ಬಳಿದುಕೊಂಡ ಹಾಗೆ ಕಾಣುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ತಗ್ಗಿಸಿ. ಮೊಬೈಲಾದರೆ ಪರದೆಯ ಮೇಲೆ ನಂದಿಯನ್ನು ಮುಟ್ಟಿ ಬೆರಳನ್ನು ಕೆಳಕ್ಕೆ ಎಳೆದರೆ ಸಾಕು. ನೀರಿನಲ್ಲಿ ಗುಡಿಯ ನೆರಳು ಬೇಕಿದ್ದರೆ ಪೋಲರೈಸರ್ ಬಿಚ್ಚಿಡಿ; ಅದು ತೆಗೆಯುವುದೇ ಪ್ರತಿಬಿಂಬವನ್ನು. ದುಬಾರಿ ಲೆನ್ಸಿಗಿಂತ ಇಲ್ಲಿ ಉಪಯೋಗಕ್ಕೆ ಬರುವುದು ಮೊಣಕಾಲು. ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲನ್ನು ತಲೆಕೆಳಗು ಹಿಡಿದರೆ ಲೆನ್ಸು ನೀರಿಗೆ ನಾಲ್ಕು ಬೆರಳು ಮೇಲಿರುತ್ತದೆ. ನಿಂತು ತೆಗೆದ ಚಿತ್ರಕ್ಕೂ ಇದಕ್ಕೂ ಅಜಗಜಾಂತರ. ಮೊಬೈಲನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ, ಪಾಚಿ ಇರುತ್ತದೆ.

ವಾಯಿಯಿಂದ ಮೂರು ಕಿಲೋಮೀಟರು ಮೆಣವಲಿ. ಪೇಶವೆ ಆಡಳಿತದ ಚಾಣಾಕ್ಷ ನಾನಾ ಫಡ್ನವೀಸ್ ಅವರ ವಾಡೆ ಇಲ್ಲಿದೆ. ನಮ್ಮ ಕಡೆಯವರಿಗೆ ಆತ ಪೂರ್ತಿ ಅಪರಿಚಿತನೇನಲ್ಲ. 1786ರಲ್ಲಿ ಬಾದಾಮಿ ಕೋಟೆ ಟಿಪ್ಪುವಿನಿಂದ ಮರಾಠರ ಕೈಸೇರಿದ್ದು, ಮರುವರ್ಷ ಗಜೇಂದ್ರಗಡದಲ್ಲಿ ಒಪ್ಪಂದವಾದದ್ದು ಎಲ್ಲ ಆತನ ಕಾಲದ್ದೇ. ವಾಡೆಯ ಹಿಂದೆ ಅರ್ಧಚಂದ್ರದ ಹಾಗೆ ಬಾಗಿದ ಘಟ್ಟ, ಮೇಣೇಶ್ವರನ ಗುಡಿ, ಪಕ್ಕದ ಸಣ್ಣ ಗೂಡಿನಲ್ಲಿ ಭಾರಿ ಕಂಚಿನ ಗಂಟೆ. ಹತ್ತಿರ ಹೋಗಿ ನೋಡಿದರೆ ಗಂಟೆಯ ಮೇಲೆ ಕೂಸನ್ನೆತ್ತಿಕೊಂಡ ಮೇರಿ ಮಾತೆ, 1707 ಎಂಬ ಇಸವಿ. 1739ರಲ್ಲಿ ಚಿಮಾಜಿ ಅಪ್ಪ ವಸಈ ಕೋಟೆಯನ್ನು ಪೋರ್ಚುಗೀಸರಿಂದ ಗೆದ್ದಾಗ ಅಲ್ಲಿನ ಚರ್ಚುಗಳಿಂದ ತಂದ ಗಂಟೆಗಳಲ್ಲಿ ಇದೂ ಒಂದು. ಶಿವನ ಗುಡಿಗೆ ಮೇರಿಯ ಗಂಟೆ. ಅಗಲದ ಲೆನ್ಸಿನಿಂದ ಘಟ್ಟವನ್ನೆಲ್ಲ ತೆಗೆದಾದ ಮೇಲೆ, ಈ ಇಸವಿಯ ಅಂಕಿಗಳನ್ನೂ ಹತ್ತಿರದಿಂದ ಒಂದು ತೆಗೆದುಕೊಳ್ಳಿ.

ಮೆಣವಲಿ ಘಟ್ಟವನ್ನು ನೀವು ಈಗಾಗಲೇ ನೋಡಿದ್ದೀರಿ. 2004ರ 'ಸ್ವದೇಸ್' ಚಿತ್ರದ ಚರಣಪುರ ಇದೇ. ಅದಕ್ಕೂ ಮುಂಚೆ 'ಗಂಗಾಜಲ್' ಚಿತ್ರಕ್ಕಾಗಿ ಈ ಸೀಮೆ ಬಿಹಾರವಾಯಿತು, 'ದಬಂಗ್'ಗೆ ಉತ್ತರ ಪ್ರದೇಶವಾಯಿತು, 'ಚೆನ್ನೈ ಎಕ್ಸ್‌ಪ್ರೆಸ್'ಗೆ ತಮಿಳುನಾಡೂ ಆಯಿತು. ಬೋರ್ಡು ಬದಲಾಯಿಸಿದರೆ ಊರು ಬದಲಾಯಿತು. ಪಾಪ, ಇಷ್ಟು ಪಾತ್ರ ಮಾಡಿದ ಊರು ತಾನು ತಾನಾಗಿ ತೆರೆಯ ಮೇಲೆ ಬಂದದ್ದು ಕಡಿಮೆ.

ಈಗ ಆ ಕೆಲಸವನ್ನು ಪ್ರೀ-ವೆಡ್ಡಿಂಗ್ ತಂಡಗಳು ಮುಂದುವರಿಸಿವೆ. ಡಿಸೆಂಬರಿನ ಒಂದು ಬೆಳಗ್ಗೆ ಮೆಣವಲಿಯಲ್ಲಿ ಅಂಥದೊಂದು ತಂಡ ನನಗಿಂತ ಮುಂಚೆಯೇ ಬಂದಿತ್ತು. ಹುಡುಗಿಗೆ ಮೆಟ್ಟಿಲುದ್ದ ಹರಡಿದ ಕೆಂಪು ಗೌನು, ಹುಡುಗನಿಗೆ ಸೂಟು, ಬಣ್ಣದ ಹೊಗೆಯ ಡಬ್ಬಿ. ಕೆಳಗಿನ ಮೆಟ್ಟಿಲಲ್ಲಿ ಮೂವರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಸಹಾಯಕ ಹುಡುಗ ಬಂದು, ಹತ್ತು ನಿಮಿಷ ಆಚೆ ಸರೀರಿ, ಫ್ರೇಮಿನಲ್ಲಿ ಬರುತ್ತೀರಿ ಎಂದ. ಅವರು ಜಗಳವಾಡಲಿಲ್ಲ. ಬಕೆಟ್ಟು, ಬಟ್ಟೆಗಂಟು ಎತ್ತಿಕೊಂಡು ಮೂಲೆಗೆ ಹೋಗಿ ನಿಂತರು. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಇದು ಅವರಿಗೆ ರೂಢಿಯಾಗಿಬಿಟ್ಟಿದೆ ಎನ್ನುವುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ನನಗೆ ಸಿಟ್ಟು ಬಂದದ್ದಕ್ಕೆ ಕಾರಣ ವಾಯಿಯಲ್ಲಿಲ್ಲ, ಇದೇ ನೀರಿನ ಕೆಳಗಿನ ತುದಿಯಲ್ಲಿದೆ. ನಾನು ಬಾಗಲಕೋಟೆಯವನು. ಊರ ಪಕ್ಕ ಹರಿಯುವುದು ಘಟಪ್ರಭೆ. ಅದು ಹೋಗಿ ಸೇರುವುದು ಕೃಷ್ಣೆಯನ್ನು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಬಾಗಿಲು, ತೊಲೆ, ಕಿಟಕಿ ಕಿತ್ತುಕೊಂಡು ನವನಗರಕ್ಕೆ ಬಂದೆವು. ಕ್ಯಾಮೆರಾ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಇರುವುದೆಂದರೆ ದೊಡ್ಡಪ್ಪನ ಮಗಳ ಮದುವೆಯ ಆಲ್ಬಮ್ ಒಂದೇ. ಅದರಲ್ಲಿ ನೂರಿಪ್ಪತ್ತು ಚಿತ್ರ. ಎಲ್ಲದರಲ್ಲೂ ಸಾಲಾಗಿ ನಿಂತ ಜನ, ಹಿಂದೆ ಜರಿ ಪರದೆ. ಸ್ಟುಡಿಯೋದವರು ಹಳೆಯ ಗೋಡೆ ಕಾಣದಿರಲಿ ಎಂದು ಪರದೆ ಕಟ್ಟಿದ್ದರು. ಒಂದೇ ಒಂದರಲ್ಲಿ ಪರದೆ ಸರಿದು ಅರ್ಧ ಬಾಗಿಲು, ಕಟ್ಟೆಯ ಒಂದು ತುದಿ ಬಿದ್ದಿದೆ. ಅವ್ವ ಪುಣೆಗೆ ಬಂದಾಗಲೆಲ್ಲ ಆ ಆಲ್ಬಮ್ ತಿರುವಿ, "ಎಲ್ಲಾರ ಮುಖ ಅದಾವ, ಮನೀನ ಇಲ್ಲ ನೋಡು" ಅನ್ನುತ್ತಾಳೆ.

ಹೀಗಾಗಿ ಚಂದದ ಚಿತ್ರಕ್ಕೆ ಅಡ್ಡ ಎಂದು ಪಕ್ಕಕ್ಕೆ ಸರಿಸುವ ಬಕೆಟ್ಟು, ಹಗ್ಗದ ಮೇಲಿನ ಸೀರೆ, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಅಂಕಿ, ಇವೆಲ್ಲ ನನಗೆ ಫ್ರೇಮಿನೊಳಗೇ ಬೇಕು. ಆ ತಂಡ ಹೋದ ಮೇಲೆ ಹೆಂಗಸರು ತಮ್ಮ ಜಾಗಕ್ಕೆ ವಾಪಸು ಬಂದರು. ಕೇಳಿಕೊಂಡು ನಾಲ್ಕಾರು ಚಿತ್ರ ತೆಗೆದೆ. ಅವರಲ್ಲಿ ಹಿರಿಯರು "ದಾದಾ, ಆಮ್ಹಾಲಾ ಪಣ ದಾಖವಾ ಕೀ" ಎಂದರು, ನಮಗೂ ತೋರಿಸಪ್ಪ ಅಂತ. ತೋರಿಸಿದೆ. ಮುಂದಿನ ಸಲ ಹೋಗುವಾಗ ಪ್ರಿಂಟ್ ಹಾಕಿಸಿ ಒಯ್ದೆ. ಅವರು ಮೊದಲು ನೋಡಿದ್ದು ತಮ್ಮ ಮುಖವನ್ನಲ್ಲ, ಹಿಂದಿನ ಮೆಟ್ಟಿಲನ್ನು. ಅಲ್ಲಿ ಕೂತವರು ಯಾರು, ಆ ಸೀರೆ ಯಾರದು ಎಂದು ಐದು ನಿಮಿಷ ಚರ್ಚೆ ನಡೆಯಿತು. ನೆಗೆಣ್ಣಿಗೂ ಒಂದು ಕಾಪಿ ಬೇಕು ಎಂದು ಆರ್ಡರ್ ಬೇರೆ ಆಯಿತು.

ಮೆಣವಲಿಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಧೋಮ್. ಊರ ಗುಡಿಯೆದುರು ಕಲ್ಲಿನ ಕೊಳ, ಕೊಳದ ನಡುವೆ ಆಮೆ, ಆಮೆಯ ಬೆನ್ನ ಮೇಲೆ ನಂದಿ. ಕೊಳದಲ್ಲಿ ನೀರಿದ್ದರೆ ನಂದಿಯನ್ನು ಹೊತ್ತು ಆಮೆ ಈಜುತ್ತಿರುವ ಹಾಗೆ ಕಾಣುತ್ತದೆ, ಇಲ್ಲದಿದ್ದರೂ ಚಂದವೇ. ಆಮೇಲೆ ಬರುವುದು ಧೋಮ್ ಅಣೆಕಟ್ಟು. ಸಾಮರ್ಥ್ಯ ಹದಿಮೂರೂವರೆ ಟಿಎಂಸಿ. ನಮ್ಮ ಆಲಮಟ್ಟಿಯ 123 ಟಿಎಂಸಿಯ ಮುಂದೆ ಕೂಸು. ಆದರೆ ಬೆಟ್ಟಗಳ ನಡುವೆ ಬಳುಕಿಕೊಂಡು ಹೋಗುವ ಇದರ ಹಿನ್ನೀರಿನ ಚೆಲುವು ಬಯಲುಸೀಮೆಯ ಆಲಮಟ್ಟಿಗೆ ಇಲ್ಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ತುಂಬಿದ ನೀರು, ಹಸಿರು ಗುಡ್ಡ, ಹಿಂದೆ ಕಮಳಗಡ. ಕ್ಯಾಲೆಂಡರಿಗೆ ಹಾಕುವಂಥ ಚಿತ್ರ ಬೇಕಿದ್ದವರು ಆಗಲೇ ಬನ್ನಿ. ನನಗೆ ಹಿಡಿಸುವುದು ಮೇ ತಿಂಗಳು. ನೀರು ಇಳಿದು, ದಡದಲ್ಲಿ ಮಣ್ಣಿನ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಎದ್ದಿರುತ್ತವೆ. ಈ ಹಿನ್ನೀರಿನಡಿಗೂ ಹೊಲ, ಮನೆಗಳಿದ್ದವು. ಗೆರೆಗಳ ನಡುವೆ ನಡೆದು ಹೋಗುವಾಗ ಕಾಲಕೆಳಗೆ ಏನೇನಿತ್ತೋ ಎಂದು ಯೋಚನೆ ಬರುತ್ತದೆ. ಕೆಸರು ಒಣಗಿದಂತೆ ಕಂಡರೂ ಕಾಲು ಹುಗಿಯುತ್ತದೆ, ನೀರಿನ ಅಂಚಿಗೆ ಹೋಗಬೇಡಿ.

ಎತ್ತರದಿಂದ ಇದೆಲ್ಲವನ್ನೂ ಒಟ್ಟಿಗೆ ನೋಡಬೇಕಿದ್ದರೆ ಪಸರಣಿ ಘಾಟಿನ ತಿರುವುಗಳಿವೆ, ಪಂಚಗಣಿಯ ಸಿಡ್ನಿ ಪಾಯಿಂಟ್ ಇದೆ. ನವೆಂಬರಿನಿಂದ ಜನವರಿಯವರೆಗೆ ಬೆಳಗಿನ ಮಂಜು ಕಣಿವೆಯಲ್ಲಿ ಹಾಲು ಚೆಲ್ಲಿದ ಹಾಗೆ ನಿಂತಿರುತ್ತದೆ. ಪಾಂಡವಗಡದ ತಲೆಯೊಂದೇ ಮೇಲೆ. ಇಲ್ಲಿ ಅಗಲದ ಲೆನ್ಸು ಬೇಡ, 100 ಅಥವಾ 200 ಎಂಎಂ ಹಾಕಿ, ಕಣಿವೆಯ ಒಂದೊಂದೇ ತುಣುಕು ಆರಿಸಿ. ಟೇಬಲ್ ಲ್ಯಾಂಡ್ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ, ಕುದುರೆಗಾಡಿಯವರೇ ಎಲ್ಲ ಹೇಳುತ್ತಾರೆ. ಹಳೆ ಮಹಾಬಳೇಶ್ವರಕ್ಕೆ ಹೋದವರು ಪಂಚಗಂಗಾ ಗುಡಿಯ ನೂಕುನುಗ್ಗಲಿನಲ್ಲಿ ಗೋಮುಖದ ಫೋಟೊಕ್ಕೆ ಪರದಾಡುವ ಬದಲು, ಅಲ್ಲೇ ಸ್ವಲ್ಪ ನಡೆದರೆ ಸಿಗುವ ಕೃಷ್ಣಾಬಾಯಿಯ ಹಳೆಯ ಕಲ್ಲುಗುಡಿಗೆ ಹೋಗಿ. ಪಾಚಿಗಟ್ಟಿದ ಕಂಬಗಳು, ಮೌನ, ಸಣ್ಣ ಧಾರೆ. ಬಾಗಲಕೋಟೆಯ ನೀರು ಇಷ್ಟು ತೆಳ್ಳಗಿರುತ್ತದೆ ಎಂದು ಅವ್ವನಿಗೆ ತೋರಿಸಿದಾಗ ಅವಳು ನಂಬಲಿಲ್ಲ. ಅಂಗೈಯಲ್ಲಿ ಹಿಡಿದು ಕುಡಿದಳು.

ಕೆಲವು ಸಣ್ಣ ಮಾತು. ನಾನಾ ಫಡ್ನವೀಸ್ ವಾಡೆ ಖಾಸಗಿ ಆಸ್ತಿ. ಒಳಗೆ ಹೋಗುವ, ಫೋಟೊ ತೆಗೆಯುವ ಮುಂಚೆ ಕೇಳಿಕೊಳ್ಳಿ. ಗುಡಿಗಳ ಗರ್ಭಗುಡಿಯಲ್ಲಿ ಕ್ಯಾಮೆರಾ ಎತ್ತಬೇಡಿ. ಘಟ್ಟದಲ್ಲಿ ಸ್ನಾನ ಮಾಡುವವರು, ತರ್ಪಣ ಬಿಡುವವರು ಇರುತ್ತಾರೆ, ಅವರು ನಮ್ಮ 'ಸಬ್ಜೆಕ್ಟ್' ಅಲ್ಲ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಮೆಟ್ಟಿಲಿಗೆ ಇಳಿಯುವ ಮಾತೇ ಬೇಡ, ಸೇತುವೆ ಮೇಲಿನಿಂದ ನೋಡಿ. ತೆಗೆದ ಚಿತ್ರದ ಫೈಲಿಗೆ ಘಟ್ಟದ ಹೆಸರು, ತಾರೀಖು ಬರೆದಿಡಿ. ನಾನು ನೀರು ಎಷ್ಟನೇ ಮೆಟ್ಟಿಲಿಗಿತ್ತು ಎಂದೂ ಬರೆಯುತ್ತೇನೆ. ಆಫೀಸಿನಲ್ಲಿ ಲಾಗ್ ಬರೆದು ಬರೆದು ಬಂದ ಚಟ ಇದು.

ಕೊನೆಯದಾಗಿ ಸಂಜೆಯ ವಿಷಯ. ಸೂರ್ಯ ಗುಡ್ಡದ ಹಿಂದೆ ಇಳಿದ ಮೇಲೆ ಇಪ್ಪತ್ತು ನಿಮಿಷ, ಆಕಾಶ ನೀಲಿ, ಗಣಪತಿ ಘಾಟಿನಲ್ಲಿ ದೀಪ, ನೀರಿನಲ್ಲಿ ಅದರ ಎಳೆ. ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿದರೆ ಟ್ರೈಪಾಡ್ ಇಲ್ಲದೆಯೂ ಆಗುತ್ತದೆ. ಆದರೆ ಭಾನುವಾರವಾದರೆ ಈ ಇಪ್ಪತ್ತು ನಿಮಿಷಕ್ಕೆ ಖಂಬಾಟ್ಕಿ ಸುರಂಗದ ಮುಂದೆ ಒಂದೂವರೆ ಗಂಟೆ ಟ್ರಾಫಿಕ್ ಬೆಲೆ ತೆರಬೇಕು. ಬೇಗ ಮನೆ ಸೇರಬೇಕೆನ್ನುವವರು ನಾಲ್ಕರೊಳಗೆ ವಾಯಿ ಬಿಡಿ. ನಾನು ಕೂತೇ ಇರುತ್ತೇನೆ. ಸೋಮವಾರ ಬೆಳಗಿನ ಆಫೀಸ್ ಕಾಲ್‌ನಲ್ಲಿ ಕ್ಯಾಮೆರಾ ಆಫ್.